ಆರ್ಮನ್ಯಾಕ್: ಕಾಲ ಪಳಗಿಸಿದ ದ್ರಾಕ್ಷಾರಸ

ನಮ್ಮ ನರಸಾಪುರದ ಸೀಮೆಯ ದ್ರಾಕ್ಷಿ ಹೆಚ್ಚಾಗಿ ಹಣ್ಣಾಗಿಯೇ ಪೇಟೆ ಸೇರುತ್ತದೆ. ಫ್ರಾನ್ಸಿನ ಗ್ಯಾಸ್ಕನಿಯಲ್ಲಿ ಅದು ಆರ್ಮನ್ಯಾಕ್ ಎಂಬ ಬ್ರಾಂದಿಯಾಗುತ್ತದೆ. ಬಿಳಿ ದ್ರಾಕ್ಷಿಯ ಮದ್ಯವನ್ನು ತಾಮ್ರದ ಭಟ್ಟಿಯಲ್ಲಿ ಸಾಮಾನ್ಯವಾಗಿ ಒಮ್ಮೆ ಮಾತ್ರ ಇಳಿಸುತ್ತಾರೆ. ಕಾನ್ಯಾಕ್‌ಗಾದರೆ ಎರಡು ಸಲ. ಆದುದರಿಂದ ಹಣ್ಣಿನ ಗಂಧದೊಡನೆ ಒರಟುತನವೂ ಉಳಿಯುತ್ತದೆ. ಅದನ್ನು ಪಳಗಿಸುವುದು ಓಕ್ ಮರದ ಪೀಪಾಯಿ ಮತ್ತು ವರ್ಷಗಳು. ಆವಿಯಾಗಿ ಹೋದ ಅಂಶ ‘ದೇವತೆಗಳ ಪಾಲು’. ನಾವು ಹವಿರ್ಭಾಗ ಎನ್ನುತ್ತಿದ್ದೆವೇನೋ. ಊಟದ ತರುವಾಯ ಗಾಜಿನ ಬಟ್ಟಲನ್ನು ಅಂಗೈಯಲ್ಲಿ ಹಿಡಿದು, ಮೊದಲು ಆಘ್ರಾಣಿಸಿ, ಬಳಿಕ ತುಸುತುಸುವೇ ಸವಿಯುವರು.

ಕುಡಿಯಿರೆಂದು ನಾನು ಹೇಳುತ್ತಿಲ್ಲ. ನಮ್ಮ ಹಳ್ಳಿಗಳಲ್ಲಿ ಸಾರಾಯಿಯನ್ನು ದಣಿವು ಮರೆಯಲು ಒಂದೇ ಗುಟುಕಿಗೆ ಇಳಿಸುತ್ತಿದ್ದರು. 2007ರಲ್ಲಿ ಸರ್ಕಾರ ಅದನ್ನು ನಿಷೇಧಿಸುವ ವೇಳೆಗೆ ಎಷ್ಟೋ ಮನೆಗಳ ದೀಪ ಆರಿತ್ತು. ಕಾದು ಸವಿಯುವ ಬಿಡುವನ್ನು ಆ ಕೂಲಿಯವನಿಗೆ ಯಾರು ಕೊಟ್ಟಿದ್ದರು?