ಏರಿನಲ್ಲಿ ಇಳಿದು ತಳ್ಳಿದವನ ಮಾತು

(ಸುವರ್ಣ ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಬಗ್ಗೆ ನಾಲ್ಕು ಮಾತಾಡಿ ಎಂದರು. ನಾನು ಸೈಕಲಿನ ಬಗ್ಗೆ ಮಾತಾಡುತ್ತೇನೆ. ಅದೂ ಶಾಲೆಯ ಮಾತೇ.

ನಮ್ಮ ಶಕ್ತಿನಗರ ಏರಿಳಿತದ ಊರು. ತುಳುವಿನಲ್ಲಿ ಪದವು ಎಂದರೆ ಗುಡ್ಡದ ಮೇಲಿನ ಬಯಲು. ನಾಲ್ಯಪದವು, ಪದವಿನಂಗಡಿ ಎಂಬ ಹೆಸರುಗಳೇ ನೆಲದ ಗುಣ ಹೇಳುತ್ತವೆ. ಹೋಗುವಾಗ ಸುಖವಾಗಿ ಇಳಿದವರು ಬರುವಾಗ ಏರಲೇಬೇಕು. ನಾನು ಕ್ಲಾಸಿನಲ್ಲೇ ದಪ್ಪ ಹುಡುಗ. ಗೆಳೆಯರು ತುಳಿದುಕೊಂಡೇ ಏರು ಹತ್ತುತ್ತಿದ್ದರು, ನಾನು ಅರ್ಧದಲ್ಲಿ ಇಳಿದು ತಳ್ಳುತ್ತಿದ್ದೆ. "ನಿನ್ನ ಕಾಲಲ್ಲಿ ಬಲ ಇಲ್ಲ ಮಾರಾಯ" ಎಂದು ನಗುತ್ತಿದ್ದರು. ಅವರಲ್ಲಿ ಕೆಲವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಈಗ ಅವರ ಹೊಟ್ಟೆಯೂ ನನ್ನಷ್ಟೇ ಇದೆ!

ಆ ನಗುವಿಗೆ ನಾಚಿ ಸೈಕಲ್ ಬಿಟ್ಟೆ. ಮತ್ತೆ ಹತ್ತಿದ್ದು ಐವತ್ತು ದಾಟಿ, ರಕ್ತದಲ್ಲಿ ಸಕ್ಕರೆ ಏರಿದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೆ. ಆಗ ಈ ಶಾಲೆಯಲ್ಲಿ ಕಲಿತ ವಿಜ್ಞಾನದ ಲೆಕ್ಕ ಹಾಕಿ ನೋಡಿದೆ.

50 ಮೀಟರ್ ಎತ್ತರದ ಒಂದು ಏರು ಎಂದಿಟ್ಟುಕೊಳ್ಳಿ. ಸಾದಾ ಸೈಕಲ್ 20 ಕಿಲೋ, ಸವಾರ 80 ಕಿಲೋ, ಒಟ್ಟು 100. ಇಷ್ಟು ಭಾರವನ್ನು ಮೇಲೆತ್ತಲು 49,000 ಜೂಲ್ ಕೆಲಸ ಬೇಕು. ಐದು ನಿಮಿಷದಲ್ಲಿ ಹತ್ತಿದರೆ ಸುಮಾರು 163 ವಾಟ್. ಅಷ್ಟೇ ವಾಟ್ ಹಾಕುವ 60 ಕಿಲೋದ ಗೆಳೆಯ ನಾಲ್ಕೇ ನಿಮಿಷದಲ್ಲಿ ಮೇಲಿರುತ್ತಾನೆ. ಗಾಳಿ, ಟಯರಿನ ಘರ್ಷಣೆ ಇಲ್ಲಿ ಸೇರಿಸಿಲ್ಲ. ಅಂದರೆ ಹಿಂದೆ ಬಿದ್ದ ಹುಡುಗ ಕಡಿಮೆ ದುಡಿದಿಲ್ಲ, ಹೆಚ್ಚು ಭಾರ ಹೊತ್ತಿದ್ದಾನೆ.

ಇನ್ನು ಕಾಲಿನ ಬಲ. ನಿಮಿಷಕ್ಕೆ 60 ಸುತ್ತು ತುಳಿದರೆ ಆ 163 ವಾಟ್‌ಗೆ ಪೆಡಲಿನ ಮೇಲೆ ಬೇಕಾದ ಸರಾಸರಿ ಒತ್ತಡ ಸುಮಾರು 16 ಕಿಲೋ ಮಾತ್ರ. ಮೆಟ್ಟಿಲು ಹತ್ತುವಾಗ ಒಂದೊಂದೇ ಕಾಲು ಇಡೀ ದೇಹವನ್ನು ಎತ್ತುತ್ತದಲ್ಲ! ಕಾಲು ಸೋಲುವ ಮೊದಲು ಉಸಿರು ಸೋಲುತ್ತದೆ. ಆದರೆ ಗೇರ್ ಇಲ್ಲದ ಸೈಕಲಿನಲ್ಲಿ ಏರು ಬಂದಾಗ ತುಳಿತ 30 ಸುತ್ತಿಗೆ ಇಳಿದರೆ ಒತ್ತಡ ಎರಡು ಪಾಲಾಗುತ್ತದೆ. ಆಗ ಮಾತ್ರ ತೊಡೆಯ ಬಲ ನಿಜವಾಗಿ ಬೇಕು. ಗೇರ್ ಇದ್ದವರು ಹಗುರ ಗೇರ್ ಹಾಕಿ ಬೇಗ ಬೇಗ ತುಳಿಯಿರಿ, ಕಾಲು ಉಳಿಯುತ್ತದೆ.

ಬಯಲಿನಲ್ಲಿ ಕತೆ ಬೇರೆ. ಅಲ್ಲಿ ವೇಗ ಹೆಚ್ಚಿದಂತೆ ಎದುರಾಳಿ ಗಾಳಿ, ತೂಕವಲ್ಲ. 1991ರಿಂದ 1995ರವರೆಗೆ ಸತತ ಐದು ಬಾರಿ ಟೂರ್ ಡಿ ಫ್ರಾನ್ಸ್ ಗೆದ್ದ ಸ್ಪೇನಿನ ಮಿಗೆಲ್ ಇಂದುರೈನ್ ಸುಮಾರು 80 ಕಿಲೋದ ಆಳು. 1998ರಲ್ಲಿ ಗೆದ್ದ ಇಟಲಿಯ ಮಾರ್ಕೊ ಪಾಂಟಾನಿ 60 ಕಿಲೋ ಕೂಡ ಇರಲಿಲ್ಲ, ಬೆಟ್ಟ ಹತ್ತುವುದರಲ್ಲಿ ನಿಪುಣ. ಇಬ್ಬರಿಗೂ ಜಾಗ ಇತ್ತು.

ಮಕ್ಕಳೇ, ತೂಕ ಇಳಿಸಲು ಊಟ ಬಿಡಬೇಡಿ. ಉಪವಾಸ ಬಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಸೀಟು ಎತ್ತರಿಸಿ: ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ಹೆಚ್ಚುಕಮ್ಮಿ ನೇರ ಆಗಬೇಕು. ಸೀಟು ತಗ್ಗಿದ್ದರೆ ಮಂಡಿ ನೋಯುತ್ತದೆ. ಟಯರಿಗೆ ಗಾಳಿ, ಚೈನಿಗೆ ಎಣ್ಣೆ ಮರೆಯಬೇಡಿ.

2006-07ರಲ್ಲಿ ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದಾಗ ನನಗೆ ಬಹಳ ಸಂತೋಷವಾಗಿತ್ತು. ಸೈಕಲ್ ಕೊಟ್ಟರೆ ಸಾಲದು, ಅದನ್ನು ನಾಚಿಕೆಯಿಲ್ಲದೆ ತುಳಿಯುವ ಧೈರ್ಯವನ್ನೂ ಕೊಡಬೇಕು. ಅದು ನಮ್ಮ ಕೈಯಲ್ಲಿದೆ. ಏರಿನಲ್ಲಿ ಒಬ್ಬ ಇಳಿದು ತಳ್ಳುತ್ತಿದ್ದರೆ ನಗಬೇಡಿ. ನೀವೂ ಇಳಿದು ಅವನ ಜೊತೆ ನಾಲ್ಕು ಹೆಜ್ಜೆ ನಡೆಯಿರಿ. ನನಗೆ ಅಂಥ ಒಬ್ಬ ಜೊತೆಗಾರ ಸಿಕ್ಕಿದ್ದರೆ ನಾನು ಮೂವತ್ತೈದು ವರ್ಷ ಸೈಕಲ್ ಬಿಟ್ಟಿರುತ್ತಿರಲಿಲ್ಲ.