ಟೆಂಪ್ಲೇಟ್ ಪಬ್ಲಿಕ್, ರೆಪೋ ಪ್ರೈವೇಟ್: ಫೋರ್ಕ್ ಬಟನ್ ಒತ್ತೋ ಮುಂಚೆ

ಇವತ್ತಿನ ವಿಷಯ ಚಿಕ್ಕದು, ಆದ್ರೆ ಎಡವಿದ್ರೆ ನಮ್ಮವರ ಫೋನ್ ನಂಬರ್ ಊರಿಗೆಲ್ಲ ಸಿಗುತ್ತೆ.

ಒಂದು ಉದಾಹರಣೆ ಇಟ್ಕೊಳ್ಳೋಣ. ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರದಲ್ಲಿರೋ ಕೆಲವು ಕನ್ನಡ ಕುಟುಂಬಗಳು ಸಿನ್ನರ್‌ನ ಗೊಂದೇಶ್ವರ ದೇವಸ್ಥಾನದ ಹತ್ರ ಸೇರಬೇಕು. ಜಾಗ ಸರಿಯಾಗೇ ಇದೆ: ಕನ್ನಡದಲ್ಲೂ ಶಾಸನ ಬರೆಸಿದ ಸೇವುಣರು ದೇವಗಿರಿಗೆ ಹೋಗೋ ಮುಂಚೆ ಆಳಿದ್ದು ಇಲ್ಲಿಂದಲೇ. ಇದಕ್ಕೊಂದು ಸೈಟ್ ಬೇಕು. ಗಿಟ್‌ಹಬ್‌ನಲ್ಲಿ ಚೆಂದದ ಜೆಕಿಲ್ ಟೆಂಪ್ಲೇಟ್ ಸಿಕ್ತು. ಎಲ್ಲರ ಕೈ ಮೊದಲು ಹೋಗೋದು ಫೋರ್ಕ್ ಬಟನ್‌ಗೆ.

ಅಲ್ಲೇ ನಿಲ್ಲಿ. ಪಬ್ಲಿಕ್ ರೆಪೋದ ಫೋರ್ಕ್ ಪಬ್ಲಿಕ್ಕಾಗೇ ಇರುತ್ತೆ. "ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಪ್ರೈವೇಟ್ ಮಾಡ್ತೀನಿ" ಅಂದ್ರೆ ಆಗಲ್ಲ. ಫೋರ್ಕ್ ಡಿಲೀಟ್ ಮಾಡಿದ್ರೂ, ಅದರಲ್ಲಿದ್ದ ಕಮಿಟ್‌ನ ಹ್ಯಾಶ್ ಗೊತ್ತಿರೋರು ಮೂಲ ರೆಪೋದ ಮೂಲಕ ಅದನ್ನ ನೋಡೋಕೆ ಸಾಧ್ಯ. ಹಾಗಾಗಿ ಕೀ ಅಥವಾ ಪಾಸ್‌ವರ್ಡ್ ಒಮ್ಮೆ ಪುಶ್ ಆಯ್ತು ಅಂದ್ರೆ ಅದನ್ನ ಬದಲಾಯಿಸೋದೊಂದೇ ದಾರಿ. ಫೋನ್ ನಂಬರ್ ಹಾಗೆ ಬದಲಾಯಿಸೋಕಾಗುತ್ತಾ?

ಸರಿಯಾದ ದಾರಿ ಎರಡಿವೆ.

ಮೊದಲನೇದು, "ಯೂಸ್ ದಿಸ್ ಟೆಂಪ್ಲೇಟ್" ಬಟನ್. ಮಾಲೀಕರು ಅದನ್ನ ಇಟ್ಟಿದ್ರೆ ಒತ್ತಿ, ಪ್ರೈವೇಟ್ ಆರಿಸಿ, ಮುಗೀತು. ಆದ್ರೆ ಹಳೇ ಇತಿಹಾಸ ಬರಲ್ಲ, ಒಂದೇ ಕಮಿಟ್‌ನಿಂದ ಶುರು. ಮೂಲದಲ್ಲಿ ಮುಂದೆ ಬರೋ ತಿದ್ದುಪಡಿಗಳನ್ನ ಮರ್ಜ್ ಮಾಡೋಕೆ ಹೋದ್ರೆ, ಎರಡಕ್ಕೂ ಸಂಬಂಧವೇ ಇಲ್ಲ ಅಂತ ಗಿಟ್ ತಕರಾರು ಮಾಡುತ್ತೆ. ಒಂದು ಸಲದ ಸೈಟ್‌ಗೆ ಇದು ಸಾಕು.

ಎರಡನೇದು, ವರ್ಷಗಟ್ಟಲೆ ಇರೋ ಸೈಟ್‌ಗೆ. ಮೊದಲು ಗಿಟ್‌ಹಬ್‌ನಲ್ಲಿ ಖಾಲಿ ಪ್ರೈವೇಟ್ ರೆಪೋ ಮಾಡಿ, ರೀಡ್‌ಮಿ ಕೂಡ ಹಾಕಬೇಡಿ. 2019ರ ಜನವರಿಯಿಂದ ಉಚಿತ ಖಾತೆಯಲ್ಲೂ ಪ್ರೈವೇಟ್ ರೆಪೋಗಳಿಗೆ ಮಿತಿ ಇಲ್ಲ. ಆಮೇಲೆ ಟೆಂಪ್ಲೇಟ್‌ನ ಗಿಟ್ ಕ್ಲೋನ್ ಮಾಡಿ, ಡಬಲ್ ಡ್ಯಾಶ್ ಬೇರ್ ಹಾಕಿ. ಆ ಫೋಲ್ಡರ್ ಒಳಗೆ ಹೋಗಿ ಗಿಟ್ ಪುಶ್, ಡಬಲ್ ಡ್ಯಾಶ್ ಮಿರರ್, ಮುಂದೆ ನಿಮ್ಮ ಹೊಸ ರೆಪೋದ ವಿಳಾಸ. ಪುಶ್ ಆದ್ಮೇಲೆ ಬೇರ್ ಫೋಲ್ಡರ್ ಅಳಿಸಿ, ಪ್ರೈವೇಟ್ ರೆಪೋನ ಎಂದಿನಂತೆ ಕ್ಲೋನ್ ಮಾಡ್ಕೊಳ್ಳಿ.

ಇಲ್ಲೊಂದು ಎಚ್ಚರ. ಮಿರರ್ ಪುಶ್ ಒಂದೇ ಸಲ, ಅದೂ ಖಾಲಿ ರೆಪೋಗೆ. ಅದು ಆ ಕಡೆ ಇರೋದನ್ನ ಈ ಕಡೆ ಇರೋ ಹಾಗೇ ಮಾಡ್ಬಿಡುತ್ತೆ. ಆರು ತಿಂಗಳಾದ್ಮೇಲೆ ಅಪ್‌ಡೇಟ್‌ಗೆ ಅಂತ ಮತ್ತೆ ಓಡಿಸಿದ್ರೆ, ನಿಮ್ಮ ಬ್ರಾಂಚ್‌ಗಳಲ್ಲಿರೋ ಕೆಲಸ ಹೋಗುತ್ತೆ.

ಅಪ್‌ಡೇಟ್‌ಗೆ ಬೇರೆ ವಿಧಾನ ಇದೆ. ಮೂಲ ಟೆಂಪ್ಲೇಟ್‌ನ ಅಪ್‌ಸ್ಟ್ರೀಮ್ ಅಂತ ರಿಮೋಟ್ ಆಗಿ ಸೇರಿಸಿ, ಬೇಕಾದಾಗ ಫೆಚ್ ಮಾಡಿ, ಮರ್ಜ್ ಮಾಡಿ. ಇತಿಹಾಸ ಒಂದೇ ಆಗಿರೋದ್ರಿಂದ ಗಿಟ್‌ಗೆ ಸಂಬಂಧ ಗೊತ್ತಾಗುತ್ತೆ. ನಿಮ್ಮ ಬರಹ, ಫೋಟೋಗಳನ್ನ ಟೆಂಪ್ಲೇಟ್ ಫೈಲ್‌ಗಳ ಜೊತೆ ಬೆರೆಸದೆ ಬೇರೆ ಫೈಲ್‌ನಲ್ಲಿಟ್ರೆ ಕಾನ್‌ಫ್ಲಿಕ್ಟ್ ಕಡಿಮೆ.

ಈಗ ಮುಖ್ಯವಾದ ಮಾತು. ರೆಪೋ ಪ್ರೈವೇಟ್ ಅಂದ ಮಾತ್ರಕ್ಕೆ ಸೈಟ್ ಪ್ರೈವೇಟ್ ಅಲ್ಲ. ಉಚಿತ ಖಾತೆಯಲ್ಲಿ ಗಿಟ್‌ಹಬ್ ಪೇಜಸ್‌ಗೆ ಪಬ್ಲಿಕ್ ರೆಪೋನೇ ಬೇಕು. ಕ್ಲೌಡ್‌ಫ್ಲೇರ್ ಪೇಜಸ್ ಥರದ್ದು ಪ್ರೈವೇಟ್ ರೆಪೋದಿಂದಲೂ ಸೈಟ್ ಕಟ್ಟಿಕೊಡುತ್ತೆ. ಎಲ್ಲೇ ಕಟ್ಟಿದ್ರೂ ಪುಟದಲ್ಲಿ, ಜಾವಾಸ್ಕ್ರಿಪ್ಟ್‌ನಲ್ಲಿ ಬಂದದ್ದನ್ನ ಯಾರು ಬೇಕಾದ್ರೂ ಓದಬಹುದು. ಸದಸ್ಯರ ಫೋನ್ ಪಟ್ಟಿನ ರೆಪೋಗೇ ತರಬೇಡಿ.

ಹಾಗೇ, ಲೈಸೆನ್ಸ್ ಮರೀಬೇಡಿ. ಎಂಐಟಿ ಲೈಸೆನ್ಸ್ ಇದ್ರೆ ಆ ಫೈಲ್ ಉಳಿಸ್ಕೊಳ್ಳಿ. ಎಚ್‌ಟಿಎಂಎಲ್5 ಅಪ್‌ನವರ ಉಚಿತ ಟೆಂಪ್ಲೇಟ್‌ಗಳಲ್ಲಿ ಮಾಡಿದವರ ಹೆಸರು ಉಳಿಸಬೇಕು ಅನ್ನೋದು ಷರತ್ತು. ಪ್ರೈವೇಟ್ ರೆಪೋ ಅಂತ ಅವರ ಹೆಸರನ್ನ ಅಳಿಸೋ ಹಕ್ಕು ನಮಗಿಲ್ಲ.

ಮಾಡಿ ನೋಡಿ, ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಯಾವ ಹಂತ ಅಂತ ತಿಳಿಸಿ. ಮುಂದಿನ ವಿಡಿಯೋದಲ್ಲಿ ಸಿಗೋಣ.