ನಕ್ಷತ್ರ ನೋಡುವ ಹವ್ಯಾಸ: ದೂರದರ್ಶಕ ಕೊಳ್ಳುವ ಮುನ್ನ

(ಯುವಕ ಸಂಘದ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಸಂಘದ ನಿಧಿಯಿಂದ ಒಂದು ದೂರದರ್ಶಕ ಕೊಳ್ಳಬೇಕೆಂದು ನೀವು ಯೋಚಿಸಿರುವುದು ಸಂತೋಷದ ಸಂಗತಿ. ಆದರೆ ಅದು ಹತ್ತಾರು ಮನೆಯವರು ದುಡಿದು ಕೊಟ್ಟ ಹಣ. ಬಿತ್ತನೆ ಬೀಜ ಕೊಳ್ಳುವಾಗ ಚೀಲದ ಮೇಲಿನ ಚಿತ್ರ ನಂಬಬೇಡಿ, ಮೊಳಕೆ ಪರೀಕ್ಷೆ ಮಾಡಿ ನೋಡಿ ಎಂದು ನಾನು ಸದಾ ಹೇಳುತ್ತಿರುತ್ತೇನೆ. ಅದೇ ಎಚ್ಚರ ಇಲ್ಲಿಯೂ ಬೇಕು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ಕೃಷಿ ಡಿಪ್ಲೊಮಾ ಓದುತ್ತಿದ್ದಾಗ ಕೈಖರ್ಚಿನ ಹಣ ಉಳಿಸಿ ಒಂದು ದೂರದರ್ಶಕ ಕೊಂಡೆ. ಪೆಟ್ಟಿಗೆಯ ಮೇಲೆ "450 ಪಟ್ಟು" ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು. ಊರಿಗೆ ತಂದು ಅಂಗಳದಲ್ಲಿ ನಿಲ್ಲಿಸಿದರೆ ಅದರ ಸಪೂರ ಕಾಲುಗಳು ಗಾಳಿಗೆ ನಡುಗಿದವು. ಚಂದ್ರ ಮಬ್ಬಾಗಿ, ಅಲುಗಾಡುತ್ತಾ ಕಂಡ. ನಮ್ಮ ತಂದೆಯವರು ಒಮ್ಮೆ ಬಗ್ಗಿ ನೋಡಿ, "ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತಾನಲ್ಲೋ!" ಎಂದರು. ದೂರದರ್ಶಕ ಅಟ್ಟ ಸೇರಿತು. ನಿಮ್ಮ ಸಂಘದ ಹಣ ಹಾಗಾಗಬಾರದು.

ಮೊದಲು ಬರಿಗಣ್ಣು

ಮಳೆ ನಕ್ಷತ್ರಗಳ ಹೆಸರು ಇಲ್ಲಿರುವ ಹಿರಿಯರಿಗೆಲ್ಲ ಬಾಯಿಪಾಠ. ಆದರೆ ರೋಹಿಣಿ ಯಾವುದೆಂದು ಆಕಾಶದಲ್ಲಿ ಬೆರಳು ಮಾಡಿ ತೋರಿಸಬಲ್ಲವರು ಎಷ್ಟು ಮಂದಿ? ರೋಹಿಣಿ ಮಳೆ ಎಂದರೆ ಸೂರ್ಯನು ರೋಹಿಣಿ ನಕ್ಷತ್ರದ ಕಡೆ ಇರುವ ಕಾಲ. ಅದು ಮೇ ತಿಂಗಳ ಕೊನೆಯ ವಾರದಿಂದ ಸುಮಾರು ಎರಡು ವಾರ. ಆಗ ಆ ಚುಕ್ಕಿ ಹಗಲಿನಲ್ಲಿ ಸೂರ್ಯನ ಜೊತೆಗೇ ಇರುವುದರಿಂದ ರಾತ್ರಿ ಕಾಣುವುದಿಲ್ಲ. ಅದನ್ನು ನೋಡಲು ಮಾಗಿಯ ಕಾಲ ಬರಬೇಕು.

ಜನವರಿಯಲ್ಲಿ ರಾತ್ರಿ ಎಂಟು ಗಂಟೆಯ ಮೇಲೆ ಕಣದಲ್ಲಿ ನಿಂತು ತಲೆ ಎತ್ತಿ ನೋಡಿರಿ. ನೆತ್ತಿಯ ಹತ್ತಿರ ಗೊಂಚಲಾಗಿ ಕಾಣುವುದು ಕೃತ್ತಿಕೆ. ಅದರ ಪೂರ್ವಕ್ಕೆ ತುಸು ಕೆಂಪಗಿರುವುದು ರೋಹಿಣಿ. ಅಲ್ಲಿಂದ ಆಗ್ನೇಯಕ್ಕೆ ಮೂರು ಚುಕ್ಕಿಗಳು ಒಂದೇ ಸಾಲಿನಲ್ಲಿವೆ. ಆ ಸಾಲಿನ ಉತ್ತರಕ್ಕೆ ಕೆಂಪಗೆ ಹೊಳೆಯುವುದು ಆರಿದ್ರ. ಇದಕ್ಕೆ ಒಂದು ಕಾಸೂ ಬೇಡ. ರಾತ್ರಿ ಕರೆಂಟು ಬಂದಾಗ ಪಂಪು ಹಾಕಲು ಹೋಗುತ್ತೀರಲ್ಲ, ಆಗಲೂ ನೋಡಬಹುದು. ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಬ್ಯಾಟರಿಯ ಮುಖಕ್ಕೆ ಕೆಂಪು ಬಟ್ಟೆ ಕಟ್ಟಿಕೊಳ್ಳಿ. ಹುಳುಹುಪ್ಪಟೆಯ ಭಯವಿರುವುದರಿಂದ ಕಾಲಿಗೆ ಮೆಟ್ಟು ಇರಲಿ.

ಎರಡನೆಯದು ಬೈನಾಕ್ಯುಲರ್

ಎರಡು ಕಣ್ಣಿಗೂ ಇಟ್ಟು ನೋಡುವ ಬೈನಾಕ್ಯುಲರ್ ಕಲಿಯುವವರಿಗೆ ಉತ್ತಮ ಸಾಧನ. ಅದರ ಮೇಲೆ 7×50 ಎಂದು ಬರೆದಿದ್ದರೆ 7 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 50 ಮಿಲಿಮೀಟರ್ ಎಂದು ಅರ್ಥ. ಬರಿಗಣ್ಣಿಗೆ ಆರೇಳು ಚುಕ್ಕಿಯಾಗಿ ಕಾಣುವ ಕೃತ್ತಿಕೆಯಲ್ಲಿ ಇದರಿಂದ ಹತ್ತಾರು ಚುಕ್ಕಿಗಳು ಕಾಣುತ್ತವೆ. ಗೋಡೆಗೋ ಕಂಬಕ್ಕೋ ಒರಗಿಸಿ ಅಲುಗದಂತೆ ಹಿಡಿದರೆ ಗುರುಗ್ರಹದ ಚಂದ್ರರೂ ಕಾಣುತ್ತವೆ. 1610ರಲ್ಲಿ ಇಟಲಿಯ ಗೆಲಿಲಿಯೋ ಆ ನಾಲ್ಕು ಚಂದ್ರರನ್ನು ಕಂಡುಹಿಡಿದದ್ದು ಸುಮಾರು 20 ಪಟ್ಟು ತೋರಿಸುವ ಸಣ್ಣ ದೂರದರ್ಶಕದಿಂದಲೇ.

ದೂರದರ್ಶಕದ ಆಯ್ಕೆ

ದೂರದರ್ಶಕದಲ್ಲಿ ಮುಖ್ಯವಾಗಿ ನೋಡಬೇಕಾದದ್ದು ಬಾಯಿಯ ಅಗಲ. ಮಳೆಯಲ್ಲಿ ಒಂದು ಚೊಂಬನ್ನೂ ಒಂದು ಕೊಪ್ಪರಿಗೆಯನ್ನೂ ಇಟ್ಟರೆ ಯಾವುದರಲ್ಲಿ ಹೆಚ್ಚು ನೀರು ಬೀಳುತ್ತದೆ? ಬೆಳಕೂ ಹಾಗೆಯೇ. ಅಗಲ ಎರಡರಷ್ಟಾದರೆ ಬೆಳಕು ನಾಲ್ಕರಷ್ಟು. 75 ಮಿಲಿಮೀಟರಿನ ದೂರದರ್ಶಕಕ್ಕಿಂತ 150 ಮಿಲಿಮೀಟರಿನದು ನಾಲ್ಕು ಪಟ್ಟು ಬೆಳಕು ಹಿಡಿಯುತ್ತದೆ. ತಮಿಳುನಾಡಿನ ಕಾವಲೂರಿನ ವೈನು ಬಪ್ಪು ವೀಕ್ಷಣಾಲಯದ ದೊಡ್ಡ ದೂರದರ್ಶಕವನ್ನು 2.34 ಮೀಟರಿನದು ಎಂದು ಕರೆಯುತ್ತಾರೆ. ಅದು ಕನ್ನಡಿಯ ಅಗಲವೇ ಹೊರತು ಎಷ್ಟು ಪಟ್ಟು ಎಂಬ ಲೆಕ್ಕವಲ್ಲ.

ಒಂದು ಮಿಲಿಮೀಟರ್ ಅಗಲಕ್ಕೆ ಹೆಚ್ಚೆಂದರೆ 2 ಪಟ್ಟು ಎಂದು ಲೆಕ್ಕ ಹಾಕಿರಿ. 60 ಮಿಲಿಮೀಟರಿಗೆ 120 ಪಟ್ಟು. ಅದಕ್ಕಿಂತ ಹೆಚ್ಚಿಸಿದರೆ ಮಬ್ಬೇ ದೊಡ್ಡದಾಗುತ್ತದೆ. ನನ್ನದು 60 ಮಿಲಿಮೀಟರಿನದು. 450 ಪಟ್ಟು ಎಂಬುದರಿಂದ ಪ್ರಯೋಜನವೇ ಇರಲಿಲ್ಲ.

ಮಸೂರದ ದೂರದರ್ಶಕಕ್ಕೆ ನಿಗಾ ಕಡಿಮೆ ಸಾಕು. ಕನ್ನಡಿಯ ದೂರದರ್ಶಕದಲ್ಲಿ ಅದೇ ಹಣಕ್ಕೆ ಹೆಚ್ಚು ಅಗಲ ಸಿಗುತ್ತದೆ. ಆದರೆ ಅದರ ಕನ್ನಡಿಗಳನ್ನು ಆಗಾಗ ನೇರ ಮಾಡಿಕೊಳ್ಳಬೇಕು, ಧೂಳು ಕೂತರೆ ಬಟ್ಟೆಯಿಂದ ತಿಕ್ಕಬಾರದು. ಊರಿಗೆಲ್ಲ ಒಂದು ಎಂದರೆ 150 ಮಿಲಿಮೀಟರಿನ ಕನ್ನಡಿಯದೇ ಮೇಲು ಎಂದು ನನ್ನ ಸಲಹೆ. ಅದಕ್ಕೆ ಮುಕ್ಕಾಲಿ ಬೇಡ. ಅಮೆರಿಕದ ಜಾನ್ ಡಾಬ್ಸನ್ ಎಂಬವರು ಬಳಕೆಗೆ ತಂದ ಮರದ ಪೆಟ್ಟಿಗೆಯಂಥ ಪೀಠ ಸಾಕು. ಗಟ್ಟಿಯಾಗಿ ಕೂರುತ್ತದೆ, ಕೈಯಿಂದಲೇ ತಿರುಗಿಸಬಹುದು. ಮುರಿದರೆ ನಮ್ಮ ಬಡಗಿಯೇ ರಿಪೇರಿ ಮಾಡಬಲ್ಲ.

ಇದರಲ್ಲಿ ಶನಿಯ ಬಳೆ, ಚಂದ್ರನ ಕುಳಿಗಳು ಚೆನ್ನಾಗಿ ಕಾಣುತ್ತವೆ. ಚಂದ್ರನನ್ನು ನೋಡಲು ಹುಣ್ಣಿಮೆಗಿಂತ ಅಷ್ಟಮಿಯ ಸುಮಾರು ಮೇಲು. ಆಗ ಬೆಟ್ಟಗಳ ನೆರಳು ಉದ್ದವಾಗಿ ಬೀಳುತ್ತದೆ. ಆದರೆ ಪುಸ್ತಕದ ಚಿತ್ರದಂತೆ ಬಣ್ಣಬಣ್ಣವಾಗಿ ಕಾಣುತ್ತದೆಂದು ಮಕ್ಕಳಿಗೆ ಆಸೆ ಹುಟ್ಟಿಸಬೇಡಿ.

ಒಂದು ಮಾತು ಮಾತ್ರ ಮರೆಯಬೇಡಿ. ದೂರದರ್ಶಕದಿಂದಾಗಲಿ ಬೈನಾಕ್ಯುಲರಿನಿಂದಾಗಲಿ ಸೂರ್ಯನನ್ನು ನೋಡಲೇಕೂಡದು. ಒಂದು ಕ್ಷಣದಲ್ಲಿ ಕಣ್ಣು ಹೋಗಬಹುದು, ಹೋದ ಕಣ್ಣು ಮತ್ತೆ ಬರುವುದಿಲ್ಲ. ಕೆಲವು ದೂರದರ್ಶಕಗಳ ಜೊತೆ, ಕಣ್ಣಿಡುವ ಕಡೆ ಸಿಕ್ಕಿಸಲು ಒಂದು ಕಪ್ಪು ಗಾಜು ಕೊಡುತ್ತಾರೆ. ಅದು ಬಿಸಿಗೆ ಸೀಳಬಹುದು. ಅದನ್ನು ಎಸೆದುಬಿಡಿ. ಹಗಲಿನಲ್ಲಿ ದೂರದರ್ಶಕ ಬೀಗದ ಕೋಣೆಯಲ್ಲಿರಲಿ.

ಈಗ ಮಾಡಬೇಕಾದದ್ದು ಇಷ್ಟೆ. ಹಣ ನಿಧಿಯಲ್ಲೇ ಇರಲಿ. ಬರುವ ಅಮಾವಾಸ್ಯೆಯ ರಾತ್ರಿ ಎಲ್ಲರೂ ಕಣದಲ್ಲಿ ಸೇರೋಣ. ನಕ್ಷತ್ರಗಳ ಹೆಸರನ್ನು ಅಜ್ಜಂದಿರು ಹೇಳಲಿ, ಅವು ಇರುವ ಜಾಗವನ್ನು ಹುಡುಗರು ಹುಡುಕಲಿ. ಒಂದು ಮಾಗಿ ಕಳೆಯುವುದರೊಳಗೆ ಹತ್ತು ಚುಕ್ಕಿಗಳನ್ನು ಗುರುತಿಸಬಲ್ಲವರು ಮನೆಗೊಬ್ಬರಾದರೂ ಇದ್ದರೆ ಆಗ ದೂರದರ್ಶಕ ಕೊಳ್ಳೋಣ. ಅದು ಅಟ್ಟ ಸೇರುವುದಿಲ್ಲ. ಆರಿಸಲು ನಾನೂ ನಿಮ್ಮ ಜೊತೆ ಬರುತ್ತೇನೆ.